ಎರೆಹುಳುವಿನ ಕರುಳು ಮತ್ತು ಗ್ರಾಮದ ಗೊಬ್ಬರ ತೊಟ್ಟಿ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ: ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳು

ಪೀಠಿಕೆ

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ರೈತರ ಜಮೀನುಗಳಲ್ಲಿಯೂ, ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯಡಿ ಘನತ್ಯಾಜ್ಯ ವಿಲೇವಾರಿ ಘಟಕಗಳಲ್ಲಿಯೂ ಎರೆಹುಳು ಗೊಬ್ಬರದ ತೊಟ್ಟಿಗಳು ನಿರ್ಮಾಣಗೊಂಡಿವೆ. ತೊಟ್ಟಿಯನ್ನು ಕಟ್ಟುವುದು ಗಾರೆ ಕೆಲಸ. ಕೆಲವೇ ದಿನಗಳಲ್ಲಿ ಅದು ಮುಗಿಯುತ್ತದೆ. ತೊಟ್ಟಿಯೊಳಗೆ ಗೊಬ್ಬರ ತಯಾರಿಸುವುದು ಮಾತ್ರ ಗಾರೆಯಲ್ಲ, ಇಟ್ಟಿಗೆಯಲ್ಲ. ಒಂದು ಸಣ್ಣ ಜೀವಿಯ ಕರುಳು. ಆ ಕರುಳು ಕೆಲಸ ನಿಲ್ಲಿಸಿದರೆ ಉಳಿಯುವುದು ಬರಿಯ ತೊಟ್ಟಿ. ಹುಳುಗಳು ಸತ್ತುಹೋದ ತೊಟ್ಟಿಗೂ ಕಡತದಲ್ಲಿ ‘ಕಾಮಗಾರಿ ಪೂರ್ಣಗೊಂಡಿದೆ’ ಎಂಬ ದಾಖಲೆಯೇ ಇರುತ್ತದೆ.

ಆದುದರಿಂದ ಎರೆಹುಳು ಆಹಾರವನ್ನು ಹೇಗೆ ಜೀರ್ಣಿಸುತ್ತದೆ, ಅದರಲ್ಲಿ ಕಿಣ್ವಗಳ ಪಾತ್ರವೇನು, ಕರುಳಿನೊಳಗಿನ ಸೂಕ್ಷ್ಮಾಣುಜೀವಿಗಳ ಪಾತ್ರವೇನು ಎಂಬ ತಿಳಿವಳಿಕೆ ವಿಜ್ಞಾನದ ವಿದ್ಯಾರ್ಥಿಗೆ ಮಾತ್ರ ಸೇರಿದ್ದಲ್ಲ. ತೊಟ್ಟಿಗೆ ಹಣ ಮಂಜೂರು ಮಾಡುವ, ತ್ಯಾಜ್ಯ ವಿಂಗಡಣೆಯ ಬಗ್ಗೆ ಗ್ರಾಮಸಭೆಯಲ್ಲಿ ಉತ್ತರಿಸಬೇಕಾದ ಜನಪ್ರತಿನಿಧಿಗೂ ಅದು ಅಗತ್ಯ. ತೊಟ್ಟಿಯ ನಿರ್ವಹಣೆಗೆ ಹೇಳಲಾಗುವ ನಿಯಮಗಳೆಲ್ಲವೂ, ನೆರಳು, ತೇವ, ಸಗಣಿ, ವಿಂಗಡಣೆ ಯಾವುದೇ ಇರಲಿ, ಈ ಕರುಳಿನ ಅಗತ್ಯಗಳಿಂದಲೇ ಹುಟ್ಟಿದವು.

ತೊಟ್ಟಿಯ ಹುಳು, ಹೊಲದ ಹುಳು

ದಾವಣಗೆರೆ ಭಾಗದಲ್ಲಿ ‘ಎರೆ’ ಎಂಬ ಮಾತಿಗೆ ಎರಡು ಬಳಕೆಗಳಿವೆ. ಕಪ್ಪು ಭೂಮಿಯನ್ನು ಎರೆ ಭೂಮಿ ಎನ್ನುತ್ತಾರೆ. ಮಣ್ಣಿನ ಹುಳುವನ್ನು ಎರೆಹುಳು ಎನ್ನುತ್ತಾರೆ. ಎರೆಹುಳು ಎಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಬಗೆಯ ಜೀವಿಗಳಿರುವುದನ್ನು ಮೊದಲು ತಿಳಿಯಬೇಕು.

ವಿಜ್ಞಾನಿಗಳು ಎರೆಹುಳುಗಳನ್ನು ಅವುಗಳ ವಾಸಸ್ಥಳ ಮತ್ತು ಆಹಾರಕ್ಕೆ ಅನುಗುಣವಾಗಿ ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಗುಂಪು ನೆಲದ ಮೇಲಿನ ತರಗೆಲೆ, ಸಗಣಿ ಮತ್ತು ಕೊಳೆಯುವ ಕಸದ ನಡುವೆ ಬದುಕುತ್ತದೆ. ಎರಡನೆಯದು ಮಣ್ಣಿನೊಳಗೆ ಅಡ್ಡಡ್ಡ ಬಿಲ ಕೊರೆಯುತ್ತ, ಮಣ್ಣನ್ನೇ ನುಂಗಿ ಅದರಲ್ಲಿರುವ ಅಲ್ಪ ಸಾವಯವ ಅಂಶವನ್ನು ಜೀರ್ಣಿಸಿಕೊಳ್ಳುತ್ತದೆ. ಮೂರನೆಯದು ಆಳಕ್ಕೆ ನೇರವಾಗಿ ಬಿಲ ತೋಡಿ, ರಾತ್ರಿ ಮೇಲೆ ಬಂದು ಎಲೆಯ ಚೂರುಗಳನ್ನು ಒಳಗೆಳೆದುಕೊಳ್ಳುತ್ತದೆ.

ಗೊಬ್ಬರದ ತೊಟ್ಟಿಗಳಲ್ಲಿ ಬಳಸುವ ಪಶ್ಚಿಮ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ, ಯುರೋಪ್ ಮೂಲದ ಐಸೇನಿಯಾ ಫೆಟಿಡಾ ಮತ್ತು ನಮ್ಮ ಭೂಭಾಗದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್, ಈ ಮೂರೂ ಮೊದಲನೆಯ ಗುಂಪಿಗೆ ಸೇರಿದವು. ದಕ್ಷಿಣ ಭಾರತದ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಲ್ಯಾಂಪಿಟೋ ಮಾರಿಟಿಯಂತಹ ಹುಳುಗಳು ಮಣ್ಣಿನಲ್ಲಿ ಬಿಲ ತೋಡಿ ಬದುಕುವಂಥವು. ಇದರ ಪರಿಣಾಮ ನೇರವಾದದ್ದು. ತೊಟ್ಟಿಯ ಹುಳುಗಳನ್ನು ಕೊಂಡು ತಂದು ಹೊಲಕ್ಕೆ ಬಿಟ್ಟರೆ ಅವು ಅಲ್ಲಿ ನೆಲೆ ನಿಲ್ಲುವುದಿಲ್ಲ. ಹೊಲದ ಹುಳುಗಳನ್ನು ಹಿಡಿದು ತೊಟ್ಟಿಗೆ ಹಾಕಿದರೂ ಕಸ ಗೊಬ್ಬರವಾಗುವುದಿಲ್ಲ. ತೊಟ್ಟಿಯ ಹುಳುವನ್ನು ಸಾಕಬೇಕು. ಹೊಲದ ಹುಳುವನ್ನು ಕಾಪಾಡಬೇಕು. ಇವು ಬೇರೆ ಬೇರೆ ಕೆಲಸಗಳು.

ಆಹಾರ ಸಾಗುವ ದಾರಿ

ಎರೆಹುಳುವಿನ ದೇಹ ಒಂದು ನಳಿಕೆಯೊಳಗೆ ಇನ್ನೊಂದು ನಳಿಕೆಯನ್ನು ಇರಿಸಿದಂತಿದೆ. ಹೊರಗಿನದು ಸ್ನಾಯು ಮತ್ತು ಚರ್ಮ. ಒಳಗಿನದು ಬಾಯಿಯಿಂದ ಗುದದವರೆಗೆ ಸಾಗುವ ಆಹಾರನಾಳ. ಈ ಜೀವಿಗೆ ಹಲ್ಲುಗಳಿಲ್ಲ. ಬಾಯಿಯ ಹಿಂದಿರುವ ಗಂಟಲಿನ ಸ್ನಾಯುಗಳು ಮೆತ್ತಗಾದ ಆಹಾರವನ್ನು ಒಳಗೆ ಹೀರಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಗಟ್ಟಿ ಸ್ನಾಯುಗಳ ಒಂದು ಅರೆಯುವ ಚೀಲವಿದೆ. ಆಹಾರದೊಂದಿಗೆ ನುಂಗಿದ ಸಣ್ಣ ಮರಳಿನ ಕಣಗಳು ಈ ಚೀಲದಲ್ಲಿ ಬೀಸುಕಲ್ಲಿನಂತೆ ಕೆಲಸ ಮಾಡುತ್ತವೆ. ಕೋಳಿಯು ಕಾಳಿನ ಜೊತೆ ಸಣ್ಣ ಕಲ್ಲುಗಳನ್ನು ನುಂಗುವುದು ಇದೇ ಕಾರಣಕ್ಕೆ.

ಇಲ್ಲಿಯೇ ಒಂದು ವ್ಯಾವಹಾರಿಕ ಪಾಠವಿದೆ. ಸಿಮೆಂಟಿನ ತೊಟ್ಟಿಯಲ್ಲಿ ಮಣ್ಣೇ ಇಲ್ಲದೆ ಬರಿಯ ಕಸವನ್ನು ತುಂಬಿದರೆ ಬೀಸುವುದಕ್ಕೆ ಕಲ್ಲಿಲ್ಲದಂತಾಗುತ್ತದೆ. ತೊಟ್ಟಿಯ ತಳದಲ್ಲಿ ಜರಡಿ ಹಿಡಿದ ಮಣ್ಣಿನ ತೆಳುವಾದ ಪದರವನ್ನು ಹರಡುವುದು ಹಳೆಯ ರೂಢಿ ಮಾತ್ರವಲ್ಲ. ಅದು ಹುಳುವಿನ ಅಗತ್ಯ.

ಅರೆದ ಆಹಾರ ಮುಂದೆ ಕರುಳಿಗೆ ಸಾಗುತ್ತದೆ. ಹಲವು ಪ್ರಭೇದಗಳಲ್ಲಿ ಕರುಳಿನ ಮೇಲ್ಭಾಗದಿಂದ ಒಂದು ಉದ್ದನೆಯ ಮಡಿಕೆ ಒಳಕ್ಕೆ ಇಳಿಬಿದ್ದಿರುತ್ತದೆ. ಇದರಿಂದ ಪೋಷಕಾಂಶಗಳನ್ನು ಹೀರಿಕೊಳ್ಳುವ ಮೇಲ್ಮೈ ಹೆಚ್ಚುತ್ತದೆ. ನುಂಗಿದ ಆಹಾರ ಹಿಕ್ಕೆಯಾಗಿ ಹೊರಬರಲು ಪ್ರಭೇದ ಮತ್ತು ಆಹಾರಕ್ಕೆ ತಕ್ಕಂತೆ ಕೆಲವು ಗಂಟೆಗಳಿಂದ ಸುಮಾರು ಒಂದು ದಿನದವರೆಗೆ ಸಮಯ ಬೇಕಾಗುತ್ತದೆ. ಇಷ್ಟು ಕಡಿಮೆ ಅವಧಿಯಲ್ಲಿ ಒಣಹುಲ್ಲು, ಎಲೆ ಮತ್ತು ಸಗಣಿಯನ್ನು ಬದಲಾಯಿಸಬೇಕಾದರೆ ಅರೆಯುವುದೊಂದೇ ಸಾಲದು. ಅಲ್ಲಿ ಕಿಣ್ವಗಳು ಬೇಕು.

ಕಿಣ್ವಗಳ ಕೆಲಸ

ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ ಒಂದು ಬಗೆಯ ಪ್ರೋಟೀನು. ದೊಡ್ಡ ಅಣುಗಳನ್ನು ಅದು ಸಣ್ಣ ಅಣುಗಳಾಗಿ ಒಡೆಯುತ್ತದೆ; ತಾನು ಮಾತ್ರ ಖರ್ಚಾಗುವುದಿಲ್ಲ. ಇದನ್ನು ದಾವಣಗೆರೆಯ ಯಾರೇ ಆಗಲಿ ಪರೀಕ್ಷಿಸಿ ನೋಡಬಹುದು. ಒಂದು ಹಿಡಿ ಸಪ್ಪೆ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ನುಂಗದೆ ಬಹಳ ಹೊತ್ತು ಅಗಿದರೆ ಅದು ನಿಧಾನವಾಗಿ ಸಿಹಿಯಾಗುತ್ತದೆ. ಮಂಡಕ್ಕಿಗೆ ಯಾರೂ ಸಕ್ಕರೆ ಬೆರೆಸಿರುವುದಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆದಿರುತ್ತದೆ. ಎರೆಹುಳುವಿನ ಆಹಾರನಾಳದಲ್ಲಿಯೂ ಇದೇ ಅಮೈಲೇಸ್ ಇದೆ.

ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಒಂದು ಬೀಗಕ್ಕೆ ಒಂದು ಕೀಲಿ ಇದ್ದಂತೆ. ಎರೆಹುಳುವಿನ ಕರುಳಿನಲ್ಲಿ ಗುರುತಿಸಲಾಗಿರುವ ಮುಖ್ಯ ಕಿಣ್ವಗಳು ಹೀಗಿವೆ:

ಅಮೈಲೇಸ್: ಪಿಷ್ಟವನ್ನು ಒಡೆಯುತ್ತದೆ.

ಸೆಲ್ಯುಲೇಸ್: ಹುಲ್ಲು, ಎಲೆ, ಕಾಗದ ಮುಂತಾದವುಗಳ ನಾರನ್ನು ಸಕ್ಕರೆಯಾಗಿ ಒಡೆಯುತ್ತದೆ. ಗೊಬ್ಬರ ತಯಾರಿಕೆಯಲ್ಲಿ ಇದರ ಪಾತ್ರ ಬಹಳ ದೊಡ್ಡದು.

ಪ್ರೋಟಿಯೇಸ್: ಪ್ರೋಟೀನುಗಳನ್ನು ಒಡೆಯುತ್ತದೆ, ಇದರಿಂದ ಸಾರಜನಕ ಬಿಡುಗಡೆಯಾಗುವ ದಾರಿ ತೆರೆಯುತ್ತದೆ.

ಲೈಪೇಸ್: ಜಿಡ್ಡನ್ನು ಒಡೆಯುತ್ತದೆ.

ಕೈಟಿನೇಸ್: ಶಿಲೀಂಧ್ರಗಳ ಕೋಶಭಿತ್ತಿ ಮತ್ತು ಸತ್ತ ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಅನ್ನು ಒಡೆಯುತ್ತದೆ.

ಫಾಸ್ಫಟೇಸ್: ಸಾವಯವ ಪದಾರ್ಥದಲ್ಲಿ ಬಂಧಿತವಾಗಿರುವ ರಂಜಕವನ್ನು ಗಿಡದ ಬೇರು ಹೀರಬಲ್ಲ ರೂಪಕ್ಕೆ ತರುತ್ತದೆ. ಎರೆಹುಳುವಿನ ಹಿಕ್ಕೆಯಲ್ಲಿ ಲಭ್ಯ ರಂಜಕದ ಪ್ರಮಾಣ ಸುತ್ತಲಿನ ಮಣ್ಣಿಗಿಂತ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಕಿಣ್ವ ಪ್ರೋಟೀನಾದುದರಿಂದ ಅದಕ್ಕೆ ತನ್ನದೇ ಆದ ಮಿತಿಗಳಿವೆ. ಮೊಟ್ಟೆಯ ಬಿಳಿಭಾಗವನ್ನು ಬೇಯಿಸಿದರೆ ಅದು ಗಟ್ಟಿಯಾಗಿ, ಮತ್ತೆ ಮೊದಲಿನಂತಾಗುವುದಿಲ್ಲ. ಅತಿಯಾದ ಶಾಖದಲ್ಲಿ ಕಿಣ್ವವೂ ತನ್ನ ಆಕಾರವನ್ನು ಕಳೆದುಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಅತಿಯಾದ ಹುಳಿ, ಅತಿಯಾದ ಕ್ಷಾರ, ನೀರಿನ ಕೊರತೆ ಇವೂ ಅದರ ಕೆಲಸವನ್ನು ಕುಂದಿಸುತ್ತವೆ.

ಕರುಳಿನೊಳಗಿನ ಕೂಲಿಕಾರರು

ನಾರನ್ನು ಒಡೆಯುವ ಸೆಲ್ಯುಲೇಸ್ ಎಲ್ಲಿಂದ ಬರುತ್ತದೆ ಎಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಹಸುವಿನ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಹಸು ಹುಲ್ಲು ತಿಂದರೂ ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನ ಸ್ವಂತದ್ದಲ್ಲ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಾಣುಜೀವಿಗಳು ಆ ಕೆಲಸ ಮಾಡುತ್ತವೆ. ಅದರ ಫಲ ಹಸುವಿಗೂ ದೊರೆಯುತ್ತದೆ.

ಎರೆಹುಳುಗಳಲ್ಲಿ ವ್ಯವಸ್ಥೆ ಮಿಶ್ರವಾಗಿದೆ. ಕೆಲವು ಪ್ರಭೇದಗಳಲ್ಲಿ ಹುಳು ತಾನೇ ಸೆಲ್ಯುಲೇಸ್ ತಯಾರಿಸಬಲ್ಲ ವಂಶವಾಹಿಯನ್ನು ಹೊಂದಿರುವುದು ತಿಳಿದುಬಂದಿದೆ. ಆದರೆ ಉಷ್ಣವಲಯದ ಮಣ್ಣಿನಲ್ಲಿ ವಾಸಿಸುವ ಪಾಂಟೋಸ್ಕೋಲೆಕ್ಸ್ ಕೊರೆತ್ರೂರಸ್ ಎಂಬ ಹುಳುವಿನ ಮೇಲೆ ಫ್ರಾನ್ಸಿನ ಪ್ಯಾಟ್ರಿಕ್ ಲಾವೆಲ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳು ಬೇರೊಂದು ಚಿತ್ರವನ್ನು ನೀಡಿದವು. ಈ ಹುಳುವಿನಲ್ಲಿ ನಾರನ್ನು ಒಡೆಯುವ ಕಿಣ್ವಗಳು ಬಹುಮಟ್ಟಿಗೆ ಮಣ್ಣಿನೊಂದಿಗೆ ಒಳಹೋದ ಸೂಕ್ಷ್ಮಾಣುಜೀವಿಗಳಿಂದ ಬರುತ್ತವೆ.

ಹೊಲದ ಮಣ್ಣಿನಲ್ಲಿರುವ ಸೂಕ್ಷ್ಮಾಣುಜೀವಿಗಳ ಸಂಖ್ಯೆ ಅಪಾರ; ಆದರೆ ಅವುಗಳಲ್ಲಿ ಹೆಚ್ಚಿನವು ಆಹಾರವಿಲ್ಲದೆ, ಚಲಿಸಲು ಶಕ್ತಿಯಿಲ್ಲದೆ ಕುಂಭಕರ್ಣನ ನಿದ್ರೆಯಲ್ಲಿರುತ್ತವೆ. ಹುಳು ಅವುಗಳನ್ನು ಮಣ್ಣಿನೊಂದಿಗೆ ನುಂಗಿದಾಗ ಕರುಳಿನ ಮುಂಭಾಗದಲ್ಲಿ ಅವುಗಳಿಗೆ ಧಾರಾಳವಾಗಿ ನೀರು ದೊರೆಯುತ್ತದೆ. ಹುಳು ಸ್ರವಿಸುವ ಲೋಳೆ ಸುಲಭದ ಆಹಾರವಾಗಿ ದೊರೆಯುತ್ತದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಪರಿಸರ ದೊರೆಯುತ್ತದೆ. ಅವು ಎಚ್ಚೆತ್ತು ತ್ವರಿತವಾಗಿ ಕಿಣ್ವಗಳನ್ನು ಉತ್ಪಾದಿಸುತ್ತವೆ. ಕರುಳಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ಮಣ್ಣಿನ ಸಾವಯವ ಅಂಶ ಒಡೆದಿರುತ್ತದೆ. ಅದರಲ್ಲಿ ಹುಳುವಿಗೂ ಪಾಲು, ಸೂಕ್ಷ್ಮಾಣುಜೀವಿಗಳಿಗೂ ಪಾಲು. ಹುಳು ಕೊಡುವ ಲೋಳೆ ಕೂಲಿಯ ಮುಂಗಡವಿದ್ದಂತೆ. ಮುಂಗಡ ಪಡೆದವರು ದುಡಿದು ತೀರಿಸುತ್ತಾರೆ.

ಎರೆಹುಳುಗಳ ಕರುಳು ಮತ್ತು ಹಿಕ್ಕೆಯಲ್ಲಿ ಬ್ಯಾಸಿಲಸ್, ಸ್ಯೂಡೋಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳನ್ನೂ, ಮಳೆ ಬಿದ್ದ ಮಣ್ಣಿಗೆ ಪರಿಮಳ ನೀಡುವ ಸ್ಟ್ರೆಪ್ಟೊಮೈಸಿಸ್ ಗುಂಪಿನ ಜೀವಿಗಳನ್ನೂ ಗುರುತಿಸಲಾಗಿದೆ. ಕರುಳಿನೊಳಗೆ ಆಮ್ಲಜನಕ ಇಲ್ಲದಿರುವುದರಿಂದ ಗಾಳಿಯಿಲ್ಲದೆ ಬದುಕಬಲ್ಲ ಜೀವಿಗಳು ಅಲ್ಲಿ ವಿಶೇಷವಾಗಿ ಚುರುಕಾಗುತ್ತವೆ. ಹಿಕ್ಕೆಯೊಂದಿಗೆ ಹೊರಬಂದ ಸೂಕ್ಷ್ಮಾಣುಜೀವಿಗಳು ಮತ್ತು ಕಿಣ್ವಗಳು ಹೊರಗೂ ಕೆಲಕಾಲ ಕೆಲಸ ಮುಂದುವರಿಸುತ್ತವೆ. ಆದುದರಿಂದ ಎರೆಗೊಬ್ಬರವನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಚೀಲಕ್ಕೆ ತುಂಬುವುದು ಅದರ ಜೀವವನ್ನೇ ತೆಗೆದಂತೆ. ನೆರಳಿನಲ್ಲಿ ಆರಿಸಿ, ಸ್ವಲ್ಪ ತೇವ ಉಳಿಸಿಕೊಂಡೇ ಸಂಗ್ರಹಿಸಬೇಕು.

ಕರುಳು ಸೋಲುವುದು ಎಲ್ಲಿ

ಮೇಲಿನ ವಿವರಗಳನ್ನು ತಿಳಿದ ಮೇಲೆ ತೊಟ್ಟಿಗಳು ವಿಫಲವಾಗುವ ಕಾರಣಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು ಶಾಖ. ತೊಟ್ಟಿಯ ಹುಳುಗಳಿಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತಕರ. 35 ಡಿಗ್ರಿ ದಾಟಿದರೆ ಅಪಾಯ. ದಾವಣಗೆರೆ, ಹರಿಹರಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಗಲಿನ ತಾಪ ಹಲವು ದಿನ 35 ಡಿಗ್ರಿ ಮೀರುತ್ತದೆ. ತಗಡಿನ ಚಾವಣಿಯ ಕೆಳಗೆ ಇದು ಇನ್ನೂ ಹೆಚ್ಚು. ತಗಡಿನ ಮೇಲೆ ತೆಂಗಿನ ಗರಿ ಹೊದಿಸುವುದು, ತೊಟ್ಟಿಯ ಮೇಲೆ ಒದ್ದೆ ಗೋಣಿತಾಟು ಹಾಕುವುದು, ಸುತ್ತ ಮರಗಳ ನೆರಳು ಇರುವಂತೆ ಜಾಗ ಆರಿಸುವುದು ಇವೆಲ್ಲ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿಯೇ ಸೇರಬೇಕಾದ ಅಂಶಗಳು.

ಎರಡನೆಯದು ತೇವ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಒದ್ದೆ ಚರ್ಮದ ಮೂಲಕ ಉಸಿರಾಡುತ್ತದೆ. ಚರ್ಮ ಒಣಗಿದರೆ ಉಸಿರು ನಿಲ್ಲುತ್ತದೆ. ನೀರು ನಿಂತರೆ ಗಾಳಿ ಇಲ್ಲದಂತಾಗುತ್ತದೆ. ತೊಟ್ಟಿಯ ಕಸವನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಬೇಕು, ಒಂದೆರಡು ಹನಿ ಮಾತ್ರ ಜಿನುಗಬೇಕು. ಧಾರೆಯಾಗಿ ನೀರು ಸುರಿಯಬಾರದು.

ಮೂರನೆಯದು ಹಸಿ ಕಸ ಮತ್ತು ಹಸಿ ಸಗಣಿ. ಹಸಿ ಕಸವನ್ನು ರಾಶಿ ಹಾಕಿದಾಗ ಸೂಕ್ಷ್ಮಾಣುಜೀವಿಗಳ ಚಟುವಟಿಕೆಯಿಂದ ಒಳಗೆ ಬಿಸಿ ಏರುತ್ತದೆ; ಹಸಿ ಸಗಣಿ, ಗಂಜಲ ಮತ್ತು ಕೋಳಿಗೊಬ್ಬರದಿಂದ ಅಮೋನಿಯಾ ಹೊರಬರುತ್ತದೆ. ಇವೆರಡೂ ಹುಳುವಿಗೆ ಮಾರಕ. ಆದುದರಿಂದ ಕಸವನ್ನು ಸಗಣಿ ನೀರಿನೊಂದಿಗೆ 15ರಿಂದ 20 ದಿನ ಹೊರಗೆ ಅರೆಕೊಳೆಸಿ, ಬಿಸಿ ಪೂರ್ತಿ ಇಳಿದ ಮೇಲೆ ಹುಳುಗಳಿಗೆ ಕೊಡಬೇಕು. ಈ ಹಂತಕ್ಕೆ ಇನ್ನೊಂದು ಪ್ರಯೋಜನವಿದೆ. ರಾಶಿಯ ಒಳಗಿನ ಶಾಖ ಕೆಲವು ದಿನ 55 ಡಿಗ್ರಿಯ ಮೇಲಿದ್ದರೆ ಕಳೆಬೀಜಗಳು ಮತ್ತು ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಎರೆಹುಳುವಿನ ತೊಟ್ಟಿಯಲ್ಲಿ ಅಂತಹ ಶಾಖ ಏರುವುದಿಲ್ಲ, ಏರಲೂಬಾರದು. ಬೆಣ್ಣೆದೋಸೆಯ ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಟ್ಟು ಬೆಳಿಗ್ಗೆ ಹಂಚಿಗೆ ಹಾಕುವಂತೆ, ಇಲ್ಲಿಯೂ ಹುದುಗು ಮೊದಲು, ಹುಳು ನಂತರ.

ನಾಲ್ಕನೆಯದು ಉಪ್ಪು ಮತ್ತು ಎಣ್ಣೆ. ಮದುವೆ ಮಂಟಪ ಮತ್ತು ಹೋಟೆಲುಗಳ ಉಳಿದ ಸಾರು, ಉಪ್ಪಿನಕಾಯಿ, ಕರಿದ ಪದಾರ್ಥಗಳು ಹುಳುವಿನ ಚರ್ಮವನ್ನು ಸುಡುತ್ತವೆ. ಅವುಗಳನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು.

ಐದನೆಯದು ವಿಂಗಡಣೆಯಾಗದ ಕಸ. ಎರೆಹುಳುವಿನ ಕಿಣ್ವಗಳು ಪ್ಲಾಸ್ಟಿಕ್ಕನ್ನು ಗೊಬ್ಬರವಾಗಿಸಲಾರವು. ಅದು ಚೂರಾಗಿ ಗೊಬ್ಬರದಲ್ಲಿಯೇ ಉಳಿಯುತ್ತದೆ. ಬ್ಯಾಟರಿ, ಬಲ್ಬು, ಬಣ್ಣದ ಡಬ್ಬಿಗಳಿಂದ ಬರುವ ಕ್ಯಾಡ್ಮಿಯಂ, ಸೀಸದಂತಹ ಲೋಹಗಳನ್ನು ಯಾವ ಕಿಣ್ವವೂ ಒಡೆಯಲಾರದು. ಅವು ಹುಳುವಿನ ದೇಹದಲ್ಲಿಯೂ ಗೊಬ್ಬರದಲ್ಲಿಯೂ ಸೇರಿಕೊಂಡು ಹೊಲಕ್ಕೆ, ಅಲ್ಲಿಂದ ತಟ್ಟೆಗೆ ಬರುವ ಸಾಧ್ಯತೆ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಎರೆಗೊಬ್ಬರಕ್ಕೂ ಗುಣಮಟ್ಟದ ಮಾನದಂಡಗಳಿದ್ದು, ಭಾರಲೋಹಗಳಿಗೆ ಮಿತಿ ವಿಧಿಸಿರುವುದು ಈ ಕಾರಣಕ್ಕಾಗಿಯೇ. ವಿಂಗಡಣೆ ಮನೆಯ ಬಾಗಿಲಲ್ಲೇ ಆಗಬೇಕು. ತೊಟ್ಟಿಯ ಬಳಿ ಆಗುವುದಿಲ್ಲ.

ಸ್ಥಳೀಯ ಕಸ, ಸ್ಥಳೀಯ ವಿವೇಕ

ಭತ್ತದ ಹುಲ್ಲು: ಭದ್ರಾ ನಾಲೆಯ ಅಚ್ಚುಕಟ್ಟಿನ ಗ್ರಾಮಗಳಲ್ಲಿ ಇದು ಹೇರಳ. ಇದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಸಗಣಿ ಅಥವಾ ಹಸಿರು ಸೊಪ್ಪನ್ನು ಬೆರೆಸಿದಾಗ ಮಾತ್ರ ಸೂಕ್ಷ್ಮಾಣುಜೀವಿಗಳು ಬೆಳೆದು ಸೆಲ್ಯುಲೇಸ್ ಉತ್ಪಾದಿಸಬಲ್ಲವು. ಇಲ್ಲಿ ಸಗಣಿ ಆಹಾರ ಮಾತ್ರವಲ್ಲ. ಹಾಲಿಗೆ ಹೆಪ್ಪು ಇದ್ದಂತೆ. ಹಸುವಿನ ಹೊಟ್ಟೆಯಿಂದ ಬಂದ ಸೂಕ್ಷ್ಮಾಣುಜೀವಿಗಳನ್ನು ಅದು ತೊಟ್ಟಿಗೆ ತರುತ್ತದೆ.

ಮೆಕ್ಕೆಜೋಳದ ದಂಟು ಮತ್ತು ಬೆಂಡು: ದಂಟನ್ನು ಚೂರು ಮಾಡಿ ಅರೆಕೊಳೆಸಿ ಬಳಸಬಹುದು. ತೆನೆಯ ಬೆಂಡು ಗಟ್ಟಿಯಾದುದರಿಂದ ಪುಡಿ ಮಾಡದೆ ಹಾಕಿದರೆ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ.

ಭತ್ತದ ಹೊಟ್ಟು: ಅಕ್ಕಿ ಗಿರಣಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಇದರಲ್ಲಿ ಸಿಲಿಕಾ ಮತ್ತು ಲಿಗ್ನಿನ್ ಅಂಶ ಹೆಚ್ಚು. ಎರೆಹುಳುವಿನ ಕರುಳು ಲಿಗ್ನಿನ್ನನ್ನು ಅಷ್ಟಾಗಿ ಜೀರ್ಣಿಸಲಾರದು. ಗಾಳಿಯಾಡಲು ತಳದ ಹಾಸಾಗಿ ಬಳಸಬಹುದೇ ಹೊರತು ಆಹಾರವಾಗಿ ಅಲ್ಲ. ಮಂಡಕ್ಕಿ ಭಟ್ಟಿಗಳ ಬೂದಿ ಕ್ಷಾರಗುಣದ್ದು, ತೊಟ್ಟಿಗೆ ಸುರಿಯಬಾರದು.

ಅಡಿಕೆ ಸಿಪ್ಪೆ ಮತ್ತು ಒಗರು ಎಲೆಗಳು: ಒಗರು ರುಚಿಗೆ ಕಾರಣವಾದ ಪಾಲಿಫಿನಾಲುಗಳು ಪ್ರೋಟೀನುಗಳಿಗೆ ಅಂಟಿಕೊಂಡು ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಎರೆಹುಳುಗಳ ಕರುಳಿನಲ್ಲಿ ಇದನ್ನು ಎದುರಿಸುವ ಡ್ರೈಲೋಡಿಫೆನ್ಸಿನ್ ಎಂಬ ರಾಸಾಯನಿಕಗಳಿರುವುದು 2015ರಲ್ಲಿ ಪ್ರಕಟವಾಯಿತು. ಅವು ಸಾಬೂನಿನಂತೆ ವರ್ತಿಸಿ ಪಾಲಿಫಿನಾಲುಗಳ ಹಿಡಿತದಿಂದ ಕಿಣ್ವಗಳನ್ನು ಕಾಪಾಡುತ್ತವೆ. ಆದರೆ ಈ ರಕ್ಷಣೆಗೂ ಮಿತಿಯಿದೆ. ಅಡಿಕೆ ಸಿಪ್ಪೆಯನ್ನು ದೀರ್ಘಕಾಲ ಕೊಳೆಸಿ, ಸಗಣಿಯೊಂದಿಗೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿಯೇ ಕೊಡಬೇಕು.

ಸಕ್ಕರೆ ಕಾರ್ಖಾನೆಯ ಮಡ್ಡಿ: ಒಳ್ಳೆಯ ಆಹಾರ, ಆದರೆ ತಂದ ಕೂಡಲೇ ಹಾಕಬಾರದು. ಬಿಸಿ ಮತ್ತು ವಾಸನೆ ಇಳಿಯುವವರೆಗೆ ಹಳೆಯದಾಗಲು ಬಿಡಬೇಕು.

ಹುಳುವಿನ ಹೊಟ್ಟೆ ಎಷ್ಟು ದೊಡ್ಡದು

ತೊಟ್ಟಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಹುಳುವಿನ ಹಸಿವಿನ ಲೆಕ್ಕವನ್ನು ಮರೆಯಲಾಗುತ್ತದೆ. ಅನುಕೂಲಕರ ಸ್ಥಿತಿಯಲ್ಲಿ ಹುಳುಗಳು ದಿನಕ್ಕೆ ತಮ್ಮ ತೂಕದ ಸುಮಾರು ಅರ್ಧದಷ್ಟು ಆಹಾರ ತಿನ್ನುತ್ತವೆ ಎಂಬುದು ಸಾಮಾನ್ಯ ಅಂದಾಜು. ಒಂದು ಚದರ ಮೀಟರ್ ಹಾಸಿನಲ್ಲಿ ಸುಮಾರು ಒಂದೂವರೆ ಕಿಲೋ ಹುಳುಗಳನ್ನು ಸಾಕಬಹುದು.

ಲೆಕ್ಕಕ್ಕಾಗಿ ಒಂದು ಗ್ರಾಮ ಪಂಚಾಯಿತಿಯಲ್ಲಿ ದಿನಕ್ಕೆ 100 ಕಿಲೋ ಹಸಿ ಕಸ ಸಂಗ್ರಹವಾಗುತ್ತದೆ ಎಂದು ಇಟ್ಟುಕೊಳ್ಳಬಹುದು. ಅರೆಕೊಳೆತ ಮೇಲೆ ಅದು ಸುಮಾರು 50 ಕಿಲೋಗೆ ಇಳಿದರೆ, ಅದನ್ನು ತಿನ್ನಲು 100 ಕಿಲೋ ಹುಳುಗಳು ಬೇಕು. ಅವುಗಳಿಗೆ ಸುಮಾರು 67 ಚದರ ಮೀಟರ್ ಹಾಸು ಬೇಕು. ತಲಾ 4 ಚದರ ಮೀಟರಿನ ಎರಡು ತೊಟ್ಟಿಗಳಿದ್ದರೆ ಅಲ್ಲಿ ಇರಬಲ್ಲ ಹುಳುಗಳು 12 ಕಿಲೋ. ಅವು ತಿನ್ನುವುದು ದಿನಕ್ಕೆ 6 ಕಿಲೋ ಮಾತ್ರ. ಉಳಿದ 44 ಕಿಲೋ ಕೊಳೆತು ವಾಸನೆ ಬರುತ್ತದೆ, ನೊಣಗಳು ಮುತ್ತುತ್ತವೆ, ನೆರೆಹೊರೆಯವರು ದೂರು ನೀಡುತ್ತಾರೆ, ಕೊನೆಗೆ ಘಟಕಕ್ಕೇ ಬೀಗ ಬೀಳುತ್ತದೆ. ತಪ್ಪು ಹುಳುವಿನದಲ್ಲ, ಲೆಕ್ಕದ್ದು.

ಇದಕ್ಕೆ ಪರಿಹಾರ ಎರಡು. ಹೆಚ್ಚಿನ ಕಸವನ್ನು ಸಾಮಾನ್ಯ ಕಾಂಪೋಸ್ಟ್ ಗುಂಡಿಗಳಿಗೆ ಕಳುಹಿಸಿ, ಆಯ್ದ ಭಾಗವನ್ನು ಮಾತ್ರ ಎರೆಹುಳುಗಳಿಗೆ ನೀಡುವುದು. ಮತ್ತು ಹಿತ್ತಿಲು, ದನಕರು ಇರುವ ಮನೆಗಳಲ್ಲಿ ಕಸ ಮನೆಯಲ್ಲಿಯೇ ಗೊಬ್ಬರವಾಗುವಂತೆ ಪ್ರೋತ್ಸಾಹಿಸುವುದು.

ಹೊಲದ ಹುಳುವನ್ನು ಮರೆಯದಿರುವುದು

1881ರಲ್ಲಿ ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದನು. ಇಂಗ್ಲೆಂಡಿನ ಅನೇಕ ಭಾಗಗಳಲ್ಲಿ ವರ್ಷಕ್ಕೆ ಎಕರೆಗೆ 10 ಟನ್ನಿಗೂ ಹೆಚ್ಚು ಮಣ್ಣು ಅವುಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆ ಎಂದು ಆತ ಅಂದಾಜಿಸಿದನು. ಯಾವ ಪಂಚಾಯಿತಿಯೂ ಇಷ್ಟು ಮಣ್ಣನ್ನು ಕೂಲಿ ಕೊಟ್ಟು ತಿರುವಿ ಹಾಕಿಸಲಾರದು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಡಿ. ಕಾಳೆ ಪ್ರಮುಖರು. ಸಾವಯವ ಕಸವನ್ನು ಬಳಸಿಕೊಳ್ಳುವಲ್ಲಿ ಪೆರಿಯೋನಿಕ್ಸ್ ಹುಳುವಿನ ಸಾಮರ್ಥ್ಯದ ಬಗ್ಗೆ ಅವರು ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿಯೇ ಬರೆದಿದ್ದರು. 1992ರಲ್ಲಿ ಅವರು ಸೂಕ್ಷ್ಮಜೀವಿ ವಿಜ್ಞಾನಿ ಡಾ. ಡಿ. ಜೆ. ಭಾಗ್ಯರಾಜ್ ಮೊದಲಾದವರೊಂದಿಗೆ ಪ್ರಕಟಿಸಿದ ಅಧ್ಯಯನ ಭತ್ತದ ಗದ್ದೆಗೆ ಸಂಬಂಧಿಸಿದ್ದು. ಎರೆಗೊಬ್ಬರ ಹಾಕಿದ ಗದ್ದೆಯಲ್ಲಿ ಸಾರಜನಕ ಸ್ಥಿರೀಕರಿಸುವ ಜೀವಿಗಳೂ ಸೇರಿದಂತೆ ಉಪಯುಕ್ತ ಸೂಕ್ಷ್ಮಾಣುಜೀವಿಗಳು ಹೆಚ್ಚಿದುದನ್ನು ಅದು ದಾಖಲಿಸಿತು. ಭತ್ತವನ್ನೇ ನೆಚ್ಚಿರುವ ಹರಿಹರ, ದಾವಣಗೆರೆಯ ಅಚ್ಚುಕಟ್ಟಿಗೆ ಇದು ನೇರವಾಗಿ ಅನ್ವಯಿಸುವ ಮಾತು.

ಆದರೆ ಹೊಲದ ಹುಳುವಿಗೆ ಆಪತ್ತುಗಳು ಹಲವು. ಹುಲ್ಲು ಮತ್ತು ಕೂಳೆಯನ್ನು ಸುಟ್ಟಾಗ ಹುಳುವಿನ ಆಹಾರವೇ ಬೂದಿಯಾಗುತ್ತದೆ. ಕಾರ್ಬೋಫ್ಯುರಾನ್ ಹರಳುಗಳು ಎರೆಹುಳುಗಳಿಗೆ ತೀವ್ರ ವಿಷ. ಅಡಿಕೆ ತೋಟಗಳಿಗೆ ವರ್ಷ ವರ್ಷ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲಿ ಉಳಿದು ಶೇಖರವಾಗುತ್ತದೆ. ಪ್ರಮಾಣ ಮೀರಿದಾಗ ಹುಳುಗಳ ಸಂಖ್ಯೆ ಕುಸಿಯುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯಲೇಬೇಕು; ಆದರೆ ಶಿಫಾರಸು ಮಾಡಿದ ಪ್ರಮಾಣ ಮೀರಬಾರದು. ಕೆಸರು ಗದ್ದೆಯಲ್ಲಿ ನೀರು ನಿಂತಾಗ ಗಾಳಿಯಿಲ್ಲದೆ ಹುಳುಗಳು ಬದುಗಳ ಕಡೆ ಸರಿಯುತ್ತವೆ. ಬದುವಿನ ಹುಲ್ಲನ್ನು ಕಳೆನಾಶಕ ಹೊಡೆದು ಬೋಳು ಮಾಡಿದರೆ ಅವುಗಳಿಗೆ ಆ ಆಸರೆಯೂ ತಪ್ಪುತ್ತದೆ.

ಮಣ್ಣಿನ ಸ್ಥಿತಿಯನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಮಳೆಗಾಲದಲ್ಲಿ, ಮಣ್ಣು ಹದವಾಗಿ ತೇವವಿರುವಾಗ, ಬೆಳಗಿನ ಹೊತ್ತು 25 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಮಣ್ಣನ್ನು ಗೋಣಿತಾಟಿನ ಮೇಲೆ ಹರಡಿ ಹುಳುಗಳನ್ನು ಎಣಿಸಬೇಕು. ಬಂದ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ದೊರೆಯುತ್ತದೆ. ಉದಾಹರಣೆಗೆ 3 ಹುಳುಗಳು ಸಿಕ್ಕರೆ ಚದರ ಮೀಟರಿಗೆ 48. ಸುಟ್ಟ ಗದ್ದೆ, ಸುಡದ ಗದ್ದೆ ಮತ್ತು ಬದು, ಈ ಮೂರು ಕಡೆ ಎಣಿಸಿ ಹೋಲಿಸಿದರೆ ಸಾಕು. ಭಾಷಣಕ್ಕಿಂತ ಆ ಎಣಿಕೆ ಹೆಚ್ಚು ಹೇಳುತ್ತದೆ. ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು.

ಗ್ರಾಮಸಭೆಯ ಚರ್ಚೆಗೆ

ನೈರ್ಮಲ್ಯ ಕಾಪಾಡುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯಿತಿಯ ಹೊಣೆಗಳಲ್ಲಿ ಒಂದು. ಈ ಹಿನ್ನೆಲೆಯಲ್ಲಿ ಸದಸ್ಯರು ಕೆಳಗಿನ ಅಂಶಗಳನ್ನು ಸಭೆಯ ಮುಂದಿಡಬಹುದು.

1. ವ್ಯಾಪ್ತಿಯಲ್ಲಿರುವ ಎರೆಹುಳು ತೊಟ್ಟಿಗಳೆಷ್ಟು, ಅವುಗಳಲ್ಲಿ ಜೀವಂತ ಹುಳುಗಳಿರುವುವು ಎಷ್ಟು? ಪರಿಶೀಲನೆಯ ದಿನ ತೊಟ್ಟಿಯನ್ನು ಕೆದಕಿ ನೋಡಿಯೇ ದಾಖಲಿಸಬೇಕು.

2. ಪ್ರತಿ ತೊಟ್ಟಿಗೆ ನೆರಳು, ನೀರು ಮತ್ತು ಇರುವೆ, ಹೆಗ್ಗಣ, ಕೋಳಿಗಳಿಂದ ರಕ್ಷಣೆ ಇದೆಯೇ? ಬೇಸಿಗೆಯ ಮೂರು ತಿಂಗಳು ನೀರು ಚಿಮುಕಿಸುವ ಹೊಣೆ ಯಾರದು?

3. ಅರೆಕೊಳೆಸಲು ಪ್ರತ್ಯೇಕ ಜಾಗ ಇದೆಯೇ? ಇಲ್ಲವಾದರೆ ಹೊಸ ತೊಟ್ಟಿಗಿಂತ ಮೊದಲು ಆ ಜಾಗಕ್ಕೆ ಅವಕಾಶ ಮಾಡಬೇಕು.

4. ದಿನದ ಹಸಿ ಕಸದ ತೂಕಕ್ಕೂ ತೊಟ್ಟಿಯ ಸಾಮರ್ಥ್ಯಕ್ಕೂ ಹೊಂದಾಣಿಕೆ ಇದೆಯೇ? ಒಂದು ವಾರ ತೂಕ ಮಾಡಿದ ಮೇಲೆಯೇ ನಿರ್ಧರಿಸುವುದು ಸೂಕ್ತ.

5. ಕಸ ಸಂಗ್ರಹಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ಹುಳುಗಳ ಪಾಲನೆಯ ತರಬೇತಿ ದೊರೆತಿದೆಯೇ? ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಮತ್ತು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳ ಮಾರ್ಗದರ್ಶನ ಕೋರಬಹುದು.

6. ಹುಲ್ಲು ಸುಡದ ರೈತರನ್ನು ಗುರುತಿಸಿ, ಅವರ ಹುಲ್ಲು ಗೊಬ್ಬರವಾಗುವ ದಾರಿಯನ್ನು ಪಂಚಾಯಿತಿ ತೋರಿಸಬಹುದೇ?

ಉಪಸಂಹಾರ

ಒಂದು ಹುಳುವಿನ ಕರುಳು ಬೆರಳಿಗಿಂತ ತೆಳುವಾದುದು. ಅದರೊಳಗೆ ಮರಳು ಬೀಸುತ್ತದೆ, ಕಿಣ್ವ ಒಡೆಯುತ್ತದೆ, ಸೂಕ್ಷ್ಮಾಣುಜೀವಿ ದುಡಿಯುತ್ತದೆ. ಈ ಕೆಲಸಕ್ಕೆ ವೇತನವಿಲ್ಲ, ರಜೆಯಿಲ್ಲ. ಬೇಕಾದುದು ನೆರಳು, ತೇವ ಮತ್ತು ಶುದ್ಧವಾದ ಕಸ ಮಾತ್ರ. ಇವುಗಳನ್ನು ಒದಗಿಸಿದ ಗ್ರಾಮದಲ್ಲಿ ತೊಟ್ಟಿಗೆ ಹಾಕಿದ ಹಣ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಒದಗಿಸದ ಗ್ರಾಮದಲ್ಲಿ ಇಟ್ಟಿಗೆ ಮತ್ತು ಸಿಮೆಂಟು ಮಾತ್ರ ಉಳಿಯುತ್ತವೆ. ಮುಂದಿನ ಪರಿಶೀಲನೆಯ ದಿನ ಕಡತವನ್ನು ತೆರೆಯುವ ಮುನ್ನ ತೊಟ್ಟಿಯ ಗೋಣಿತಾಟನ್ನು ಎತ್ತಿ ನೋಡುವುದು ಪ್ರತಿಯೊಬ್ಬ ಸದಸ್ಯರ ಮೊದಲ ಕೆಲಸವಾಗಲಿ.